ಕ್ಯಾಮೆರಾ ಬಂದ್ ಇತ್ತಂತ

ಇಂಡಿ
12 ನವೆಂಬರ್ 2023

ಕೋಮಲ,

ನೀನು ಕೊಲ್ಹಾರದ ಬಸ್ಸು ಹತ್ತಿ ಹೋದ ಮೇಲೆ ನಿಮ್ಮ ಅವ್ವ ಸಾವಂತ್ರವ್ವ ಸ್ಟ್ಯಾಂಡಿನಲ್ಲಿ ಹಾಗೇ ನಿಂತುಬಿಟ್ಟರು. "ಬಾಯಾರ, ಸಿನಿಮಾದವ್ರನ್ನ ನಾ ಕಂಡಿಲ್ಲ. ನಿಮ್ಮನ್ನ ಕಂಡೀನಿ. ನಿಮ್ಮ ಮಾತಿನ ಮ್ಯಾಲ ಕಳಿಸೀನಿ" ಅಂದರು. ಅಗರಖೇಡದ ಬಸ್ಸು ಬರುವ ತನಕ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದರು. "ಜವಾಬ್ದಾರಿ ನಂದು" ಅಂದೆ. ಅಂದ ಮೇಲೆ ಯಾಕೋ ನೀರಡಿಕೆ ಆಯಿತು.

ಅಲ್ಲಿ ಎಲ್ಲರ ಫೋನನ್ನೂ ತೆಗೆದಿಟ್ಟುಕೊಳ್ಳುತ್ತಾರಂತೆ, ಸೆಟ್ಟಿನ ಒಂದು ಫೋಟೊ ಕೂಡ ಹೊರಗೆ ಹೋಗಬಾರದಂತ. ಅದಕ್ಕೇ ಈ ಪತ್ರ. ಒಂಬತ್ತನೇ ಇಯತ್ತೆಯಲ್ಲಿ ಪತ್ರಲೇಖನ ಕಲಿಸುವಾಗ ಎದ್ದು ನಿಂತು "ಈಗ ಯಾರ ಬರೀತಾರ್ರಿ ಬಾಯಾರ?" ಅಂತ ಕೇಳಿದವಳು ನೀನು. ಬರಿ ಈಗ.

ನನ್ನ ‘ಆಚೆ ದಂಡಿ’ ಮತ್ತೆ ಮುದ್ರಣಕ್ಕೆ ಹೋಗಿದೆ. ಸಾಲಿಯ ಮಕ್ಕಳಿಗೆಂದು ಬರೆದ ಕಾದಂಬರಿ ಸಿಂದಗಿ ಸ್ಟ್ಯಾಂಡಿನ ಪೇಪರಿನ ಅಂಗಡಿಯಲ್ಲಿ ತೂಗುಹಾಕಿ ಮಾರುವಷ್ಟು ನಡೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು! ಅದರಲ್ಲಿ ನೀರಿನ ಸರ್ಕಾರ ಅಂತ ಒಂದು. ಹದಿನಾರು ತುಂಬಿದ ಮಕ್ಕಳು ಮುಳುಗಿದ ಊರಿನ ಮೇಲೆ ಈಜಿ ಆಚೆ ದಂಡಿ ಮುಟ್ಟಿ ಬಂದರೆ ಮಾತ್ರ ಅವರ ಮನೆಗೆ ನೀರು. ತಾರವ್ವ ಎಂಬ ಹುಡುಗಿ ಹೋಗಿ ನೋಡುತ್ತಾಳೆ, ಸರ್ಕಾರ ಆಚೆ ದಂಡಿಯ ಬಗ್ಗೆ ಹೇಳಿದ್ದೆಲ್ಲ ಸುಳ್ಳು. ತಿರುಗಿ ಬಂದು ಅದನ್ನು ಎಲ್ಲರೆದುರು ಹೇಳುತ್ತಾಳೆ. ಇಷ್ಟೇ ಕಥೆ. ಇಷ್ಟಕ್ಕೇ ಮುದ್ದೇಬಿಹಾಳದ ಒಬ್ಬ ಹುಡುಗಿ ನನ್ನ ಕೈಹಿಡಿದು ಅತ್ತಳು.

ಅದನ್ನು ಸಿನಿಮಾ ಮಾಡುತ್ತಿರುವ ನಿರ್ದೇಶಕ ಪಾರ್ಥ ಅನ್ನುತ್ತಾನೆ: "ಮೇಡಂ, ಹುಡುಗರು ಸರ್ಕಾರ ಕೆಡವೋ ಇಂಗ್ಲಿಷ್ ಪಿಕ್ಚರ್ ಎಲ್ಲಾ ಕಡೆ ಓಡಿವೆ. ಅವೂ ಮೊದಲು ಮಕ್ಕಳ ಕಾದಂಬರಿಗಳೇ. ನಮ್ಮಲ್ಲಿ ಇದು ಮೊದಲನೇದು." ನಾಲ್ಕು ತಾಲೂಕಿನ ಹುಡುಗಿಯರನ್ನು ನೋಡಿ ಕಡೆಗೆ ತಾರವ್ವನ ಪಾತ್ರಕ್ಕೆ ಅವನು ನಿನ್ನನ್ನು ಆರಿಸಿದ. ಯಾಕೆ ಅಂದರೆ, "ಈಕೆ ಎದುರು ಮಾತಾಡ್ತಾಳೆ ಅಂತ ಮುಖ ನೋಡಿದ ಕೂಡಲೇ ತಿಳೀತದೆ" ಅಂದ. ನಾನು ನಕ್ಕೆ. ಮೂರು ವರ್ಷ ಅನುಭವಿಸಿದವಳು ನಾನು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಮುಕ್ತಾ ಬಾಯಿ


ಕೊಲ್ಹಾರ
24 ನವೆಂಬರ್ 2023

ಬಾಯಾರಿಗೆ ಕೋಮಲ ಮಾಡುವ ನಮಸ್ಕಾರ.

ಇಲ್ಲಿ ನೋಡೀದ್ರ ನಿಮ್ಮ ಪುಸ್ತಕದಾಗ ಹೊಕ್ಕಂಗ ಆಗ್ತೈತ್ರಿ. ಹಿನ್ನೀರಿನ ದಂಡಿಗುಂಟ ಪ್ಲೈವುಡ್ಡಿನ ಗ್ವಾಡಿ ಕಟ್ಯಾರ. ದೂರದಿಂದ ಖರೇ ಕಲ್ಲಿನ ಗ್ವಾಡಿ, ಹತ್ರ ಹೋಗಿ ಬಡದ್ರ ಡಬ್ ಅಂತೈತಿ. ನೀರಿನ್ಯಾಗ ಕಬ್ಬಣದ ಪೈಪ್ ನಿಲ್ಲಿಸಿ ಕಾವಲು ಗೋಪುರ ಮಾಡ್ಯಾರ. ತಾರವ್ವ ಅದರ ಮ್ಯಾಲಿಂದ ಹಾರಬೇಕು.

ನಾ ಹಾರೂದಿಲ್ರಿ, ಹೆದರಬ್ಯಾಡ್ರಿ. ನಂಗ ಬಾವ್ಯಾಗ ಕೈಕಾಲು ಬಡ್ಯಾಕ ಬರ್ತೈತಿ ಅಷ್ಟ. ನೀರಿನ ಕೆಲಸಕ್ಕೆಲ್ಲಾ ಕೌಸರ ಅಂತ ಒಬ್ಬಾಕಿ ಅದಾಳ. ಇದೇ ಊರಾಕಿ, ನನ್ನಕಿಂತ ಒಂದು ವರ್ಷ ದೊಡ್ಡಾಕಿ. ನನ್ನಂಥದ ಅಂಗಿ, ನನ್ನಂಥದ ಜಡಿ ಹಾಕಿ ಹಿಂದಿಂದ ತೆಗೀತಾರ. ಹಿಂದಿಂದ ನೋಡೀದ್ರ ನಮ್ಮವ್ವನೂ ಗುರುತು ಹಿಡಿಯಾಕಿಲ್ಲ. ನೀರಿಗೆ ಬಿದ್ಲು ಅಂದ್ರ ಮೀನಾ. ಭಾಳ ಮಾತು. "ಮಾರಿ ನಿಂದು, ಮೈ ನಂದು. ಇಬ್ರು ಕೂಡಿ ಒಬ್ಬ ತಾರವ್ವ" ಅಂತಾಳ.

ಅವರಪ್ಪ ಬಂದೇನವಾಜ ಚಾಚಾ ಮೀನ ಹಿಡೀತಾರ. ಮೊನ್ನೆ ಬಂದು ಶೂಟಿಂಗಿನ ಮ್ಯಾನೇಜರಗ ಹೇಳಿದ್ರು: "ಸಾಹೇಬ್ರ, ಈ ಸಲ ಮಳಿ ಕಡಿಮಿ. ನೀರು ಲಗೂನ ಇಳಿಯಾಕತ್ತೈತಿ. ನಿಮ್ಮ ಗೋಪುರದ ಬುಡಕ ಮುಳುಗಿದ ಹಳೇ ಊರಿನ ಕಲ್ಲಿನ ಮೆಟ್ಟಲಾ ಅದಾವ. ಇನ್ನಷ್ಟು ಒಳಗ ಸರಸ್ರಿ." ಮ್ಯಾನೇಜರ್ "ಆಯ್ತು ಆಯ್ತು" ಅಂದ. ಆದ್ರ ಒಳಗ ಸರಸಿದ್ರ ಹಿಂದಿನ ಸೇತುವಿ ಕ್ಯಾಮೆರಾದಾಗ ಬರೂದಿಲ್ಲಂತ. ಇನ್ನೂ ಅಲ್ಲೇ ಐತಿ.

ಫೋನ್ ಇಲ್ದ ಮೊದಲ ಎರಡು ದಿನ ಕೈ ಸುಮ್ನ ಕಿಸೇಕ ಹೋಗ್ತಿತ್ತು. ಈಗ ರೂಢಿ ಆತು. ಗಾಡಿ ನಡಸೂ ಮಾಳಿಂಗಣ್ಣ ಬಾಗೇವಾಡಿಯವ, ಅವನ ಕೈಯಾಗ ಪತ್ರ ಕೊಡ್ತೇನಿ.

ನಿಮ್ಮ ಪಾಠ ಮರೀದಾಕಿ,
ಕೋಮಲ


ಕೊಲ್ಹಾರ
9 ಡಿಸೆಂಬರ್ 2023

ಬಾಯಾರ,

ಕೌಸರ ಬಿದ್ಲರಿ.

ಮಾಳಿಂಗಣ್ಣ ಇವತ್ತ ಇಂಡಿ ಕಡೆ ಹೊಂಟಾನ. ಇದನ್ನ ಓದಿ ಅವನ ಕೈಯಾಗ ಉತ್ತರ ಕೊಟ್ಟು ಕಳಸ್ರಿ. ಸೋಮವಾರ ಪೊಲೀಸರು ಬರ್ತಾರ.

ನಿನ್ನೆ ಒಂದು ಸಲ ಹಾರಿದ್ಲು. ಚಲೋ ಬಂತು. ಪಾರ್ಥ ಸರ್ ಇನ್ನೊಮ್ಮೆ ಅಂದ್ರು. ಆಕಿ ಮ್ಯಾಲ ಹತ್ತಿ "ಹಲಗಿ ಅಳ್ಳಾಡಾಕತ್ತೈತ್ರಿ" ಅಂತ ಒದರಿದ್ಲು. ಕೆಳಗಿಂದ "ಬಿಸಿಲು ಹೋಗ್ತಿದೆ, ಬೇಗ" ಅಂದ್ರು. ಆಕಿ ಕೈ ಎತ್ತಿ ತಯಾರದೀನಿ ಅಂತ ತೋರ್ಸೂದ್ರಾಗ ಹಲಗಿ ಕಿತ್ತು ಹಾರಿತು. ಆಕಿ ಹಾರಲಿಲ್ರಿ. ಬಿದ್ಲು. ನೀರಿನ ಸಪ್ಪಳ ಬರಲಿಲ್ಲ, ಬ್ಯಾರೇ ಸಪ್ಪಳ ಬಂತು. ಮೆಟ್ಟಲದ ಮ್ಯಾಲ ಬಿದ್ದಿದ್ಲು, ಮೊಣಕಾಲುಮಟ ನೀರಿನ್ಯಾಗ.

ನಾ ಕ್ಯಾಮೆರಾದ ಬಾಜೂಕ ನಿಂತಿದ್ದೆ. ಮುಂದಿನ ಶಾಟ್ ನಂದಿತ್ತು. ಕ್ಯಾಮೆರಾದ ಕೆಂಪು ದೀಪ ಹತ್ತಿತ್ತು. ಯಾರೂ ಕಟ್ ಅನ್ನಲಿಲ್ಲ.

ಆಕಿನ್ನ ವಿಜಯಪುರಕ್ಕ ಒಯ್ದಾರ. ತೊಡಿ ಎಲುಬು, ಸೊಂಟ, ಎರಡೂ ಮುರದಾವ ಅಂತಾರ. ಸಂಜೀಕ ಮ್ಯಾನೇಜರ್ ಎಲ್ಲಾರನ್ನೂ ಕೂಡಿಸಿ ಹೇಳಿದ: "ಶೂಟಿಂಗ್ ಮುಗಿದಿತ್ತು. ಕ್ಯಾಮೆರಾ ಬಂದ್ ಇತ್ತು. ಹುಡುಗಿ ಆಟಕ್ಕೆ ಹತ್ತಿದಳು. ಎಲ್ಲರಿಗೂ ತಿಳೀತಾ?" ಎಲ್ಲಾರೂ ಗೋಣು ಹಾಕಿದ್ರು. ಆಮ್ಯಾಲ ನನ್ನ ಕಡೆ ತಿರುಗಿ "ಕೋಮಲ, ನಿನಗೆ?" ಅಂದ.

ಏನ್ ಹೇಳಲ್ರಿ ಬಾಯಾರ? ನೀವು ಹೇಳಿದಂಗ ಮಾಡ್ತೇನಿ.

ಕೋಮಲ


ಇಂಡಿ
10 ಡಿಸೆಂಬರ್ 2023

ಕೋಮಲ,

ಮಾಳಿಂಗ ಹೊರಗೆ ಗಾಡಿ ಚಾಲೂ ಇಟ್ಟು ನಿಂತಿದ್ದಾನೆ. ಅವಸರದಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀನು ಧೈರ್ಯವಾಗಿರು. ಪಾರ್ಥ ನಿನ್ನೆಯೇ ಫೋನ್ ಮಾಡಿದ್ದ. ಪಾಪ, ಅವನೂ ಹೆದರಿದ್ದಾನೆ. ಕೌಸರಳ ಆಸ್ಪತ್ರೆಯ ಖರ್ಚೆಲ್ಲ ಕಂಪನಿಯೇ ನೋಡಿಕೊಳ್ಳುತ್ತದಂತೆ. ಕೇಸಾದರೆ ಸಿನಿಮಾ ನಿಲ್ಲುತ್ತದೆ, ಸಿನಿಮಾ ನಿಂತರೆ ಆ ಖರ್ಚೂ ನಿಲ್ಲುತ್ತದೆ ಅಂದ. ಅದರಲ್ಲಿ ಸುಳ್ಳೇನಿದೆ? ಎಷ್ಟು ಮಂದಿಯ ಹೊಟ್ಟೆಪಾಡು ಅದು. ಎಷ್ಟೋ ಮಕ್ಕಳು ಈ ಸಿನಿಮಾಕ್ಕೆ ದಾರಿ ಕಾಯುತ್ತಿದ್ದಾರೆ. ನಾನೂ ಕಾಯುತ್ತಿದ್ದೇನೆ. ಇಲ್ಲ ಅಂದರೆ ಸುಳ್ಳಾದೀತು.

ಸುಳ್ಳು ಹೇಳು ಅಂತ ನಾನು ಅನ್ನುತ್ತಿಲ್ಲ. ‘ನಾನು ಆ ಕಡೆ ನೋಡುತ್ತಿರಲಿಲ್ಲ’ ಅನ್ನು. ಅಷ್ಟು ಸಾಕು. ನಿನಗೆ ಹದಿನೆಂಟು ಈಗ ತುಂಬಿದೆ, ಪೊಲೀಸು ಕೋರ್ಟು ನಿನಗೆ ಬೇಡ. ನಿಮ್ಮ ಅವ್ವನಿಗೆ ನಾನು ಮಾತು ಕೊಟ್ಟಿದ್ದೇನೆ.

ಮುಕ್ತಾ


ಕೊಲ್ಹಾರ
18 ಡಿಸೆಂಬರ್ 2023

ಮುಕ್ತಾ ಬಾಯಾರಿಗೆ,

ನಿಮ್ಮ ಪತ್ರ ಓದಿದೆ. ಇದು ನಿಮ್ಮ ಅಕ್ಷರ ಹೌದೋ ಅಲ್ಲೋ ಅಂತ ನಿಮ್ಮ ಹಿಂದಿನ ಪತ್ರ ತೆಗೆದು ಬಾಜೂಕ ಇಟ್ಟು ನೋಡಿದೆ. ನಿಮ್ಮದ ಐತಿ.

ನೀವು ಹೇಳಿದಂಗ ಮಾಡ್ತೇನಿ ಅಂದಿದ್ದೆ. ಮಾಡಲಿಲ್ಲ.

ಪೊಲೀಸರು ಬಂದು ಒಬ್ಬೊಬ್ಬರನ್ನ ಕೇಳಿ ಬರಕೊಂಡ್ರು. ಎಲ್ಲಾರೂ ಕ್ಯಾಮೆರಾ ಬಂದ್ ಇತ್ತು ಅಂದ್ರು. ದಿನಾ ನನ್ನ ಜೋಡಿ ಕುಂತು ಉಣ್ಣೂ ಮೇಕಪ್ಪಿನ ಅಕ್ಕನೂ ಹಂಗ ಅಂದ್ಲು. ನಾ ಚಾಲೂ ಇತ್ತು ಅಂದೆ. "ಎಲ್ಲಾರೂ ಒಂದು ಹೇಳ್ತಾರ, ನೀ ಒಬ್ಬಾಕಿ ಬ್ಯಾರೇ ಹೇಳ್ತಿ" ಅಂದ್ರು. "ಕ್ಯಾಮೆರಾ ತೆರೆದು ನೋಡ್ರಿ" ಅಂದೆ. ಮ್ಯಾನೇಜರ್ ಆ ದಿನದ್ದು ಒಂದ ಶಾಟ್ ತೋರಿಸಿದ, ಆಕಿ ಮೊದಲನೇ ಸಲ ಹಾರಿದ್ದು. "ಇಷ್ಟೇ ಇರೋದು" ಅಂದ.

ಪೊಲೀಸರು ಹೋದ ಮ್ಯಾಲ ಪಾರ್ಥ ಸರ್ ನನ್ನ ಜೋಡಿ ಮಾತಾಡೂದು ಬಿಟ್ರು. ಕೌಸರನ್ನ ಸೊಲ್ಲಾಪುರಕ್ಕ ಒಯ್ದು ಆಪರೇಶನ್ ಮಾಡಸಬೇಕಂತ ಡಾಕ್ಟರ್ ಹೇಳಿದ್ರೂ ಇವರು ನಾಳೆ ನಾಡದು ಅನ್ನಾಕತ್ತಿದ್ರು. ಆವಾಗ ನಂಗ ತಿಳೀತು, ಇವರಿಗೆ ನಾ ಇನ್ನೂ ಬೇಕು. ಕಡೀ ದೃಶ್ಯ ಬಾಕಿ ಐತಿ. ನಾ ಊಟ ಬಿಟ್ಟು ಖೋಲ್ಯಾಗ ಕುಂತೆ. ಕೌಸರ ಸೊಲ್ಲಾಪುರಕ್ಕ ಹೋಗೂಮಟ ಮಾರಿಗೆ ಬಣ್ಣ ಹಚ್ಚಾಂಗಿಲ್ಲ ಅಂದೆ. ಮ್ಯಾನೇಜರ್ ಬಾಗಿಲಾಗ ನಿಂತು "ಕರಾರು ಓದೀಯಾ? ನಿಮ್ಮಪ್ಪನ ಹೊಲ ಎಷ್ಟಿದೆ?" ಅಂದ. ಎದ್ದು ಬಾಗಿಲಾ ಹಾಕಿದೆ.

ಅವ ನಮ್ಮಪ್ಪಗ ಫೋನ್ ಮಾಡಿ ಕರೆಸಿದ, ಬುದ್ಧಿ ಹೇಳ್ರಿ ಅಂತ. ಅಪ್ಪ ಮರುದಿನ ಮುಂಜಾನೆ ಬಂದ. ಅಪ್ಪ ಹ್ಯಾಂಗ ಅನ್ನೂದು ನಿಮಗ ಗೊತ್ತು, ಮಾತು ಕಡಿಮಿ, ಭೀಮು ಮಾತಾಡಿದ್ರ ಊರಾಗ ಸುದ್ದಿ ಆಗ್ತೈತಿ. ಬಂದಾವ ನನ್ನ ಎದುರಿಗೆ ನೆಲಕ್ಕ ಕುಂತ.

"ಆ ಹುಡುಗಿ ಬಿದ್ದಿದ್ದು ನೀ ಕಣ್ಣಿಲೆ ನೋಡೀಯೇನು?"

"ನೋಡೀನಿ ಅಪ್ಪ."

"ಅವರು ಅಂದಂಗ ಇಲ್ಲ?"

"ಇಲ್ಲ."

"ಮತ್ತ ಉಪಾಸ ಯಾಕ ಕುಂತಿ? ಉಂಡು ಕುಂದ್ರು" ಅಂತ ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ. ಆಮ್ಯಾಲ ಹೊರಗ ಹೋಗಿ ಬಾಗಿಲದ ಕಟ್ಟಿ ಮ್ಯಾಲ ಕುಂತ. ಮ್ಯಾನೇಜರ್ ಬಂದು ಏನೇನೋ ಅಂದ. ಅಪ್ಪ "ನಾ ಓದಿಲ್ರಿ. ಆಕಿನ್ನ ಕೇಳ್ರಿ" ಅಂದ. ಅಷ್ಟ.

ನಿನ್ನೆ ಕೌಸರನ್ನ ಸೊಲ್ಲಾಪುರಕ್ಕ ಒಯ್ದ್ರು. ನಾ ಇವತ್ತ ಬಣ್ಣ ಹಚ್ಚೀನಿ. ಕೊಟ್ಟ ಮಾತು ನಾ ಮುರಿಯಾಂಗಿಲ್ಲ. ಪೊಲೀಸರ ಕಾಗದದಾಗ ಮಾತ್ರ ಆಕಿ ಆಟಕ್ಕ ಹತ್ತಿ ಬಿದ್ದಾಳ ಅಂತ ಐತಿ.

ಇನ್ನ ನನಗ ಪತ್ರ ಬರೀಬ್ಯಾಡ್ರಿ.

ಕೋಮಲ ಭೀಮು, ಅಗರಖೇಡ


ಇಂಡಿ
25 ಜನವರಿ 2024

ಕೋಮಲ,

ಬರೆಯಬೇಡ ಅಂದಿದ್ದೀ. ಬರೆಯುತ್ತಿದ್ದೇನೆ. ಓದದೆ ಬಿಸಾಕಿದರೂ ನನ್ನ ತಕರಾರಿಲ್ಲ.

ಸೊಲ್ಲಾಪುರಕ್ಕೆ ಹೋಗಿದ್ದೆ. ವಾರ್ಡಿನ ಹೊರಗೆ ಕೌಸರಳ ಅಪ್ಪ ಬಾಕಿನ ಮೇಲೆ ಕೂತಿದ್ದರು. ಅವರ ಪಕ್ಕ ಕೂತು ಕಿತ್ತಳೆಹಣ್ಣಿನ ಚೀಲ ಮುಂದಿಟ್ಟೆ.

"ನೀವು ಯಾರ್ರಿ?" ಅಂದರು.

"ಆ ಸಿನಿಮಾದ ಕಥಿ ಬರದಾಕಿರಿ."

ಸಿಟ್ಟು ಮಾಡುತ್ತಾರೆ ಅಂದುಕೊಂಡೆ. ಅವರು ಕೇಳಿದರು, "ಕಥ್ಯಾಗ ಆ ಹುಡುಗಿ ಉಳೀತಾಳೇನ್ರಿ?"

"ಉಳೀತಾಳ್ರಿ."

"ಚಲೋ ಆತು" ಅಂದರು.

ಒಳಗೆ ಕೌಸರ ಮಲಗಿದ್ದಳು. ಎಚ್ಚರ ಇತ್ತು ಅನಿಸುತ್ತದೆ, ಕಣ್ಣು ತೆರೆಯಲಿಲ್ಲ. ಅವಳ ತಾಯಿ ಹಣ್ಣಿನ ಚೀಲ ತಿರುಗಿ ನನ್ನ ಕೈಗೆ ಕೊಟ್ಟರು.

ಮೊನ್ನೆ ಮುದ್ದೇಬಿಹಾಳದ ಸಾಲಿಯವರು ಕರೆದಿದ್ದರು. ಒಬ್ಬ ಹುಡುಗಿ ಎದ್ದು, "ತಾರವ್ವನ ಜಾಗಾದಾಗ ನೀವಿದ್ರ ನೀವೂ ಖರೇ ಹೇಳ್ತಿದ್ರೇನ್ರಿ?" ಅಂತ ಕೇಳಿದಳು. ನನಗೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಂದೆ.

ಮುಕ್ತಾ


ಇಂಡಿ
6 ಅಕ್ಟೋಬರ್ 2024

ಕೋಮಲ,

ಇಷ್ಟು ತಿಂಗಳು ಸುಮ್ಮನಿದ್ದೆ. ಇವತ್ತು ಸುಮ್ಮನಿರಲಾಗದು.

ಸಿನಿಮಾ ನೋಡಿದೆ. ಸಿಂದಗಿಯ ಹುಡುಗಿಯರು ಒಂದು ಟೆಂಪೊ ಮಾಡಿಕೊಂಡು ಹೊರಟಿದ್ದರು, ನನ್ನನ್ನೂ ಕರೆದೊಯ್ದರು. ವಿಜಯಪುರದ ಥಿಯೇಟರಿನಲ್ಲಿ ಹೊರಗೆ ಸಾಲು, ಒಳಗೆ ಕಾಲಿಡಲು ಜಾಗ ಇಲ್ಲ. ನಿನ್ನ ಮುಖ ಬಂದಾಗಲೆಲ್ಲ ಪೇಪರು ಹರಿದು ತೂರಿದರು. ನೀನು ಚೆನ್ನಾಗಿ ಮಾಡಿದ್ದೀ. ಅದನ್ನು ಹೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ.

ಆಮೇಲೆ ಗೋಪುರದ ದೃಶ್ಯ ಬಂತು. ಬೆನ್ನು ಕಾಣುತ್ತದೆ, ಜಡೆ ಕಾಣುತ್ತದೆ. ಹುಡುಗಿ ಕೈ ಎತ್ತುತ್ತಾಳೆ. ಹಲಗೆ ಕಿತ್ತು ಹಾರುತ್ತದೆ.

ಅವಳು ಹಾರುವುದಿಲ್ಲ ಕೋಮಲ. ಬೀಳುತ್ತಾಳೆ.

ನೀನು ಬರೆದ ಹಾಗೇ ಇತ್ತು, ಒಂದಕ್ಷರ ಫರಕಿಲ್ಲ. ಕೆಳಗಿನ ಮೆಟ್ಟಿಲು ಕಾಣದ ಹಾಗೆ ಕತ್ತರಿಸಿ, ಬೇರೆ ನೀರು ಚಿಮ್ಮಿಸಿ, ಸಂಗೀತ ತುಂಬಿದ್ದಾರೆ. ಥಿಯೇಟರ್ ಪೂರ್ತಿ ಎದ್ದು ನಿಂತು ಸಿಳ್ಳೆ ಹೊಡೆಯಿತು. ನನ್ನ ಪಕ್ಕದ ಹುಡುಗಿ "ಎಷ್ಟ್ ಖರೇ ಅನಿಸ್ತದಲ್ರಿ!" ಅಂದಳು. ನಾನು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಸಂಜೆ ಪಾರ್ಥ ಫೋನ್ ಮಾಡಿದ. ಎರಡನೇ ಭಾಗ ಬರೆಯಬೇಕಂತೆ. "ಆ ಬೀಳೋ ದೃಶ್ಯ ಎಲ್ಲಿಂದ ಬಂತು?" ಅಂದೆ. "ಅದು ಕೋಮಲ, ಮೇಡಂ. ಬೇರೆ ದಿನ ತೆಗೆದದ್ದು. ಡೂಪ್ ಇಲ್ಲದೆ ಮಾಡಿದಳು" ಅಂದ. ನಾನು ಫೋನಿಟ್ಟೆ. ಎರಡನೇ ಭಾಗ ಬರೆಯುವುದಿಲ್ಲ ಅಂತ ಬರೆದು ಕಳಿಸಿದ್ದೇನೆ.

ಅಂದರೆ ಇನ್ನು ಅದು ನೀನಲ್ಲ ಅಂತ ನೀನೇ ಹೇಳಬೇಕು. ಊರೆಲ್ಲ ನಿನ್ನನ್ನು ಹೊತ್ತು ಮೆರೆಸುತ್ತಿರುವುದೇ ಆ ಒಂದು ದೃಶ್ಯಕ್ಕೆ. ಇದನ್ನು ತಿಳಿದೇ ಬರೆಯುತ್ತಿದ್ದೇನೆ. ಹೇಳು ಅಂತಲೂ ಬೇಡ ಅಂತಲೂ ನಾನು ಅನ್ನುವುದಿಲ್ಲ. ಹೋದ ಸಲ ಬುದ್ಧಿ ಹೇಳಿದ್ದು ಸಾಕು. ಮೊದಲು ಕೌಸರಳನ್ನು ಕೇಳು. ಅವಳು ಹೂಂ ಅಂದರೆ ನಾನು ಪೊಲೀಸರ ಮುಂದೆ ಬರುತ್ತೇನೆ. ನಿನಗೆ ‘ನೋಡುತ್ತಿರಲಿಲ್ಲ ಅನ್ನು’ ಅಂತ ಬರೆದವಳು ನಾನೇ ಅಂತ ಅದನ್ನೂ ಹೇಳುತ್ತೇನೆ.

ಮುಕ್ತಾ


ಅಗರಖೇಡ
29 ಅಕ್ಟೋಬರ್ 2024

ಬಾಯಾರ,

ನಿಮ್ಮ ಪತ್ರ ಬಂದಾಗ ನಾ ಇನ್ನೂ ಸಿನಿಮಾ ನೋಡಿದ್ದಿಲ್ಲ. ನೋಡಾಂಗಿಲ್ಲ ಅಂತ ಹಟ ಹಿಡಿದಿದ್ದೆ. ಮನಿ ಮುಂದ ಮಾತ್ರ ದಿನಾ ಮಂದಿ. ಹೂವಿನ ಹಿಪ್ಪರಗಿಯಿಂದ ಹುಡುಗರು ಗಾಡಿ ಮ್ಯಾಲ ಬಂದು "ತಾರವ್ವ, ಒಂದು ಫೋಟೊ" ಅಂತಿದ್ರು. ಎಲ್ಲಾರೂ ಕೇಳೂದು ಒಂದ, "ಅಷ್ಟು ಎತ್ತರದಿಂದ ಬೀಳೂಮುಂದ ಹೆದರಿಕಿ ಆಗ್ಲಿಲ್ಲೇನು?" ನಾ ಏನೂ ತಿಳೀದ ನಗತಿದ್ದೆ. ಈಗ ಆ ನಗು ನೆನಸಿದ್ರ ಮೈ ಉರೀತೈತಿ.

ನಿಮ್ಮ ಪತ್ರ ಒಯ್ದು ಕೌಸರಗ ಓದಿ ಹೇಳಿದೆ. ಆಕಿ ಬಡಿಗಿ ಹಿಡಕೊಂಡು ನಡೀತಾಳ, ಒಂದು ಕಾಲು ಗಿಡ್ಡ ಆಗೈತಿ. ನೀರಿಗೆ ಇಳಿದಿಲ್ಲ. "ನಡಿ, ನೋಡೂಣ" ಅಂದ್ಲು. ಬ್ಯಾಡ ಅಂದೆ. "ಬಿದ್ದಾಕಿ ನಾ, ನಿಂದೇನು?" ಅಂದ್ಲು.

ವಿಜಯಪುರಕ್ಕ ಹೋಗಿ ಮುಸುಕು ಹಾಕೊಂಡು ಹಿಂದ ಕುಂತ್ವಿ. ಆ ದೃಶ್ಯ ಬಂದಾಗ ನಾ ಕಣ್ಣು ಮುಚ್ಚಿದೆ. ಆಕಿ ಮುಚ್ಚಲಿಲ್ಲ. ಮಂದಿ ಚಪ್ಪಾಳಿ ಹೊಡೀಬೇಕಾದ್ರ ನನ್ನ ಕಿವ್ಯಾಗ "ನೋಡವಾ, ಕೈ ಇನ್ನೂ ಕೆಳಗ ಇಳಿಸೇ ಇದ್ದಿಲ್ಲ ನಾ" ಅಂದ್ಲು. ಮುಗದ ಮ್ಯಾಲ ಎಲ್ಲಾರೂ ಎದ್ದು ಹೋದ್ರು, ಆಕಿ ಏಳಲಿಲ್ಲ. ಸಿನಿಮಾದಾಗ ಕೆಲಸ ಮಾಡಿದವರ ಹೆಸರು ಬರಾಕತ್ತಿದ್ವು. ಚಹಾ ಕೊಡಾಂವಂದೂ ಬಂತು. ಮಾಳಿಂಗಣ್ಣಂದೂ ಬಂತು. ಪರದೆ ಬೆಳ್ಳಗಾಗೂತನಕ ಕುಂತ್ಲು. ಆಮ್ಯಾಲ ಬಡಿಗಿ ತಗೊಂಡು, "ಕೇಸ್ ಮಾಡೂಣ" ಅಂದ್ಲು.

ಅಷ್ಟರಾಗ ಬಾಗೇವಾಡಿಯೊಳಗ ಸಿನಿಮಾದವ್ರು ಸಮಾರಂಭ ಇಟ್ಟಿದ್ರು, ಗೆದ್ದಿದ್ದಕ್ಕ. ನಂಗೂ ಕರಿ ಬಂತು. ಅಪ್ಪ "ಹೋಗಬೇಕೇನು?" ಅಂದ. ಹೋಗ್ತೇನಿ ಅಂದೆ. ಕೌಸರ, ಚಾಚಾ ಹಿಂದ ನಿಂತಿದ್ರು. ಕುರ್ಚಿ ಎಲ್ಲಾ ತುಂಬಿದ್ವು.

ಪಾರ್ಥ ಸರ್ ಮೈಕ್ ಹಿಡದು, "ಆ ಗೋಪುರದ ಶಾಟ್! ಡೂಪ್ ಇಲ್ಲ, ಗ್ರಾಫಿಕ್ಸ್ ಇಲ್ಲ. ನಮ್ಮ ಕೋಮಲ!" ಅಂದ್ರು. ಹುಡುಗರು ಕೂಗಿದ್ದು ಕೂಗಿದ್ದ. ಮೈಕ್ ನನ್ನ ಕೈಗೆ ಬಂತು.

ಬಾಯಾರ, ಆ ಕೂಗು ಭಾಳ ಛಂದ ಇರ್ತೈತಿ, ಸುಳ್ಳು ಹೇಳಾಂಗಿಲ್ಲ. ಇನ್ನೊಂದೀಟು ಕೇಳಬೇಕು ಅನಿಸ್ತೈತಿ. ಕೌಸರ ನನ್ನ ನೋಡಾಕತ್ತಿದ್ದಿಲ್ಲ, ಎಲ್ಲಿ ಕುಂದ್ರಲಿ ಅಂತ ಜಾಗಾ ನೋಡಾಕತ್ತಿದ್ಲು.

"ಅದು ನಾ ಅಲ್ಲ" ಅಂದೆ. "ಗೋಪುರದಿಂದ ಬಿದ್ದಾಕಿ ಕೌಸರ. ಕೊಲ್ಹಾರದಾಕಿ. ಅದು ಆಕ್ಟಿಂಗ್ ಅಲ್ಲ, ಖರೇನ ಬಿದ್ದಾಳ, ಕಲ್ಲಿನ ಮ್ಯಾಲ. ಆವಾಗ ಇವರು ಕ್ಯಾಮೆರಾ ಬಂದ್ ಇತ್ತು ಅಂದ್ರು. ನೀವೆಲ್ಲಾ ಸಿಳ್ಳಿ ಹೊಡದ್ರಲ್ಲ, ಅದು ಬಂದ್ ಇದ್ದ ಕ್ಯಾಮೆರಾದಾಗ ಬಂದಿದ್ದೇನು?"

ಮೈಕ್ ಬಂದ್ ಮಾಡಿದ್ರು. ನನ್ನ ದನಿ ನಿಮಗ ಗೊತ್ತೈತಲ್ರಿ, ಸಾಲ್ಯಾಗ ಮೂರು ಖೋಲಿ ದಾಟಿ ಕೇಳತಿತ್ತು. "ಅಲ್ಲಿ ನಿಂತಾಳ, ಬಡಿಗಿ ಹಿಡಕೊಂಡು" ಅಂದೆ.

ಮಂದಿ ತಿರುಗಿ ನೋಡಿದ್ರು. ಯಾರಿಗೂ ಏನ್ ಮಾಡಬೇಕು ತಿಳೀಲಿಲ್ಲ. ಒಂದಿಬ್ರು ಹುಡುಗರು ನಗಾಕ ಹೋಗಿ ಸುಮ್ಮನಾದ್ರು. ಆವಾಗ ಒಂದು ಹೆಣ್ಣುಮಗಳು, ನಮ್ಮವ್ವನ ವಯಸ್ಸಿನಾಕಿ, ಕುರ್ಚಿ ಬಿಟ್ಟು ಎದ್ದು ಕೌಸರನ ಹತ್ರ ಬಂದು, "ಭಾಳ ನೋವಾತೇನ ತಂಗಿ?" ಅಂತ ಕೇಳಿದ್ಲು.

ಕೌಸರ ಸೊಲ್ಲಾಪುರದಾಗ ಎಲುಬಿಗೆ ಮೊಳಿ ಬಡೀಬೇಕಾದ್ರೂ ಅಳಲಿಲ್ಲಂತ ಚಾಚಾ ಹೇಳ್ತಿದ್ರು. ಅಷ್ಟು ಮಂದ್ಯಾಗ ಆ ಹೆಣ್ಣುಮಗಳ ಹೆಗಲಿಗೆ ಹಣಿ ಹಚ್ಚಿ ಅತ್ಲು. ಆಕಿ ಕೌಸರನ್ನ ತನ್ನ ಕುರ್ಚ್ಯಾಗ ಕೂಡಿಸಿ, ತಾ ಬಾಜೂಕ ನಿಂತ್ಲು. ಆಮ್ಯಾಲ ಪಾರ್ಥ ಸರ್ ಎಷ್ಟು ಮಾತಾಡಿದ್ರೂ ಯಾರೂ ವೇದಿಕಿ ಕಡೆ ತಿರುಗಲಿಲ್ಲ.

ಈಗ ಅವರ ವಕೀಲರು ನಂಗ ನೋಟೀಸ್ ಕಳಸ್ಯಾರ. ನಮ್ಮ ಕಡೆ ವಕೀಲರು ಹಳೇ ಕೇಸ್ ಮತ್ತ ತೆರೀಬೇಕಂತ ಅರ್ಜಿ ಬರದಾರ. ಸಿನಿಮಾ ಇನ್ನೂ ಓಡಾಕತ್ತೈತಿ. ಗೆಲ್ತೀವೋ ಇಲ್ಲೋ ಗೊತ್ತಿಲ್ಲ. ನಿಮ್ಮ ಹೆಸರು ತಗದ್ರ ಅವ್ವ ಇನ್ನೂ ಮಾರಿ ತಿರುವತಾಳ. ನಂಗೂ ಸಿಟ್ಟು ಪೂರಾ ಇಳಿದಿಲ್ಲ. ಖರೇನ ಹೇಳ್ತೇನಿ.

ಸೋಮವಾರ ಮುಂಜಾನೆ ನಾವು ಅರ್ಜಿ ಕೊಡಾಕ ಹೊಂಟೀವಿ. ಕೌಸರ, ಚಾಚಾ, ಅಪ್ಪ, ನಾ. ಬರೂದಿದ್ರ ಬಾಗೇವಾಡಿ ಸ್ಟ್ಯಾಂಡಿಗೆ ಬರ್ರಿ. ಕೌಸರಗ ಲಗೂ ಲಗೂ ನಡಿಯಾಕ ಆಗೂದಿಲ್ಲ. ನಾವು ನಿಧಾನ ಹೋಗ್ತೀವಿ, ನಿಮಗ ಸಿಗ್ತೀವಿ.

ಜೈಭೀಮ.

ಕೋಮಲ